ತಲೆ ಮೇಲಿನ ಕಿರಿಕಿರಿ: ಸನ್‌ರೂಫ್ ಸದ್ದಿನ ಬೆನ್ನು ಹತ್ತಿದ್ದು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಸನ್‌ರೂಫ್ ಇರಲೇಬೇಕು ಅಂತ ಹಟ ಹಿಡಿದವಳು ಮಗಳು. ನನಗೆ ಅದರ ಮೇಲೆ ದೊಡ್ಡ ಮೋಹವೇನೂ ಇರಲಿಲ್ಲ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಚಾವಣಿಯಲ್ಲಿ ಕಿಟಕಿ ಯಾಕಪ್ಪಾ ಅನ್ನುವವನು ನಾನು. ಕೊನೆಗೆ ಸಿಕ್ಕಿದ್ದು ಪನೋರಮಿಕ್ ಸನ್‌ರೂಫ್ ಇರುವ ಗಾಡಿ. ಮುಂದಿನ ಗಾಜು ಹಿಂದಕ್ಕೆ ಸರಿಯುತ್ತದೆ. ಹಿಂದಿನದು ಚಾವಣಿಗೆ ಅಂಟಿಸಿದ ಗಾಜು, ಅಲ್ಲಾಡುವುದಿಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ತಲೆ ಮೇಲಿಂದ ಸದ್ದು ಶುರುವಾಯಿತು.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿಗೆ ಓರೆಯಾಗಿ ಇಳಿಯಬೇಕು. ಒಂದು ಮುಂದಿನ ಚಕ್ರ ಮೊದಲು ಇಳಿಯುತ್ತದೆ, ಇನ್ನೊಂದು ಆಮೇಲೆ. ಅಲ್ಲಿ ಪ್ರತಿ ಸಲ ‘ಕಿರ್ರ್’ ಅನ್ನುತ್ತಿತ್ತು. ನಮ್ಮ ಊರು ತೀರ್ಥಹಳ್ಳಿ ಕಡೆ. ತುಮಕೂರು ದಾರಿಯಲ್ಲಿ ವೇಗ 80 ದಾಟಿದರೆ ಎಡಗಡೆ ಮೇಲಿಂದ ಸಣ್ಣಗೆ ‘ಸುಂಯ್’ ಅಂತ ಶಿಳ್ಳೆ. ಶಿವಮೊಗ್ಗ ಬಿಟ್ಟು ಗಾಜನೂರು, ಮಂಡಗದ್ದೆ ಕಡೆ ತಿರುವುಗಳು ಬಂದರೆ ಮತ್ತೆ ಕಿರ್ರ್. ಟಾರು ಬಿಟ್ಟು ಮನೆಯ ಮಣ್ಣು ರಸ್ತೆಗೆ ಇಳಿದಾಗ ಕಿರ್ರ್ ಜೊತೆಗೆ ಇನ್ನೇನೋ ಇದೆ ಅನ್ನುವ ಅನುಮಾನ. ‘ಹಾಡು ಹಾಕಿದರೆ ಕೇಳಿಸೋದಿಲ್ಲ ಅಲ್ವಾ’ ಅಂದಳು ಹೆಂಡತಿ. ಅವಳಿಗೆ ಕೇಳಿಸುವುದಿಲ್ಲ, ನಿಜ. ನನಗೆ ಹಾಡಿನ ನಡುವೆಯೂ ಅದೇ ಕೇಳಿಸುತ್ತಿತ್ತು.

ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಹುಡುಗ ಅವರ ಕಾಂಪೌಂಡಿನ ನುಣುಪಾದ ಕಾಂಕ್ರೀಟಿನ ಮೇಲೆ ಒಂದು ಸುತ್ತು ಹೊಡೆದ. ‘ಪನೋರಮಿಕ್ ಅಂದ ಮೇಲೆ ಇಷ್ಟು ಇದ್ದೇ ಇರುತ್ತೆ ಸಾರ್’ ಅಂದ. ಮತ್ತೆ ಹೋದಾಗ ಹಿರಿಯರೊಬ್ಬರು ಬಂದು ನೋಡಿದರು. ಕ್ಯಾಸೆಟ್ ಬದಲಾಯಿಸಬೇಕು ಅಂದರು. ಗಾಜು, ಹಳಿ, ಮೋಟಾರು, ಚೌಕಟ್ಟು ಎಲ್ಲವೂ ಸೇರಿದ ಇಡೀ ಘಟಕಕ್ಕೆ ಅವರು ಕ್ಯಾಸೆಟ್ ಅನ್ನುತ್ತಾರೆ. ಅಂದಾಜು ಅರ್ಧ ಲಕ್ಷದ ಮೇಲಿತ್ತು. ಒಳಗಿನ ಚಾವಣಿ ಬಟ್ಟೆ ಪೂರ್ತಿ ಕೆಳಗಿಳಿಸಬೇಕಂತೆ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಮಾತ್ರ ಯಾರೂ ಹೇಳಲಿಲ್ಲ. ‘ಹೊಸದು ಹಾಕಿದ ಮೇಲೂ ಸದ್ದು ಬಂದರೆ?’ ಅಂತ ಕೇಳಿದೆ. ‘ಆಮೇಲೆ ನೋಡೋಣ ಸಾರ್’ ಅಂದರು.

ಅಷ್ಟು ದುಡ್ಡು ಕೊಡುವ ಮೊದಲು ಸದ್ದಿನ ಜಾಗವನ್ನಾದರೂ ನಾನೇ ಹುಡುಕಬೇಕು ಅನ್ನಿಸಿತು. ಬೇಸಿಗೆ ರಜೆಗೆ ಊರಿಗೆ ಹೋದಾಗ ಕೈ ಹಾಕಿದೆ. ಅಂಗಳ ಇದೆ, ನೆರಳಿದೆ, ಮನೆ ಮುಂದೆಯೇ ಗುಂಡಿ ಬಿದ್ದ ರಸ್ತೆಯೂ ಇದೆ. ಟೆಸ್ಟ್ ಡ್ರೈವಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಸನ್‌ರೂಫ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯದೆ ಹುಡುಕಿದರೆ ಉಪಯೋಗ ಇಲ್ಲ. ಎರಡೂ ಬದಿಗೆ ಅಲ್ಯೂಮಿನಿಯಂ ಹಳಿ. ಹಳಿಯೊಳಗೆ ಪ್ಲಾಸ್ಟಿಕ್ ಜಾರುಪಟ್ಟಿಗಳು. ಒಂದೇ ಮೋಟಾರು ಎರಡು ಗಟ್ಟಿ ಕೇಬಲ್‌ಗಳನ್ನು ತಳ್ಳುತ್ತದೆ, ಎಳೆಯುತ್ತದೆ. ಅವು ಗಾಜಿನ ಎರಡೂ ಬದಿಯನ್ನು ಒಟ್ಟಿಗೆ ಸಾಗಿಸುತ್ತವೆ. ಗಾಜಿನ ಸುತ್ತ ರಬ್ಬರ್ ಸೀಲು. ಅದರ ಕೆಳಗೆ ಚೌಕಟ್ಟಿನ ಸುತ್ತ ಒಂದು ಕಾಲುವೆ, ನಾಲ್ಕು ಮೂಲೆಯಲ್ಲಿ ನಾಲ್ಕು ಕೊಳವೆ. ಸೀಲು ನೀರನ್ನು ಪೂರ್ತಿ ತಡೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ತಡೆಯುವುದು ಬಹುಪಾಲು ಮಾತ್ರ. ಒಳಗೆ ನುಸುಳಿದ ನೀರನ್ನು ಕಾಲುವೆ ಹಿಡಿದುಕೊಂಡು, ಚಾವಣಿ ಹೊತ್ತ ಕಂಬಗಳೊಳಗಿನ ಕೊಳವೆಯಿಂದ ನೆಲಕ್ಕೆ ಬಿಡುತ್ತದೆ. ಪಕ್ಕದ ಮನೆಯವರು ‘ಸುತ್ತಲೂ ಸಿಲಿಕೋನ್ ಮೆತ್ತಿ ಮುಚ್ಚಿಬಿಡು, ಪೀಡೆ ಹೋಗ್ಲಿ’ ಅಂದರು. ಅಡಿಕೆ ತೋಟದ ಪೈಪಿಗೆ ಅವರು ಮಾಡುವ ಚಿಕಿತ್ಸೆಯೂ ಅದೇ.

ಹುಡುಕುವ ಕೆಲಸದಲ್ಲಿ ಮೊದಲ ತೊಡಕು ನಮ್ಮ ಕಿವಿಯೇ. ಎಡದಿಂದ ಬಂದ ಸದ್ದು ಎಡಗಿವಿಗೆ ಚೂರು ಮೊದಲು ಮುಟ್ಟುತ್ತದೆ, ಸ್ವಲ್ಪ ಜೋರಾಗಿಯೂ ಇರುತ್ತದೆ. ಆ ವ್ಯತ್ಯಾಸದಿಂದ ದಿಕ್ಕು ಗೊತ್ತಾಗುತ್ತದೆ. ನೆತ್ತಿಯ ಮೇಲಿಂದ ಬಂದ ಸದ್ದು ಎರಡೂ ಕಿವಿಗೆ ಒಟ್ಟಿಗೇ ಬೀಳುತ್ತದೆ. ಮುಂದೆಯೋ, ಮೇಲೆಯೋ, ಹಿಂದೆಯೋ ಅಂತ ಹೇಳುವುದು ಕಷ್ಟ. ಅದರ ಮೇಲೆ ಕಾರಿನ ಚಾವಣಿ ಬಟ್ಟೆ, ಗಾಜು, ತಗಡು ಎಲ್ಲವೂ ಸದ್ದನ್ನು ಅತ್ತಿತ್ತ ಸಾಗಿಸುತ್ತವೆ. ಸೀಟ್ ಬೆಲ್ಟಿನ ಎತ್ತರ ಹೊಂದಿಸುವ ಕೊಂಡಿ ಅಲ್ಲಾಡಿದರೂ ಸನ್‌ರೂಫೇ ಅನ್ನಿಸುತ್ತದೆ. ಹಾಗಾಗಿ ‘ಇಲ್ಲೇ ಬರ್ತಿದೆ’ ಅಂತ ಬೆರಳು ತೋರಿಸುವುದನ್ನು ಬಿಟ್ಟು, ಒಂದೊಂದನ್ನೇ ಪಟ್ಟಿಯಿಂದ ಹೊರಗೆ ಹಾಕುತ್ತಾ ಹೋದೆ.

ಕಾರಿನಲ್ಲಿದ್ದ ಸಾಮಾನೆಲ್ಲ ಮೊದಲು ಜಗಲಿಗೆ ಬಂತು. ಕನ್ನಡಕದ ಡಬ್ಬಿಯಲ್ಲಿದ್ದ ಚಿಲ್ಲರೆ, ಕೊಡೆ, ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ಗಣಪತಿ, ಡಿಕ್ಕಿಯ ಜ್ಯಾಕ್ ಕೂಡ. ಸೀಟ್ ಬೆಲ್ಟುಗಳನ್ನು ಕೊಂಡಿಗೆ ಸಿಕ್ಕಿಸಿದೆ. ಹೆಂಡತಿ ಸ್ಟಿಯರಿಂಗ್ ಹಿಡಿದಳು. ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ ಕಿವಿ ಕೊಟ್ಟೆ. ನಿಧಾನಕ್ಕೆ ಓಡಿಸು, ಏಸಿ ಆಫ್, ಮಾತಾಡಬೇಡ ಅಂದೆ. ಮೂರನೆಯದನ್ನು ಬಿಟ್ಟು ಉಳಿದದ್ದು ಪಾಲನೆಯಾಯಿತು.

ಗಾಜು ಮುಚ್ಚಿದಾಗ ಕಿರ್ರ್ ಇತ್ತು. ಸನ್‌ರೂಫನ್ನು ಟಿಲ್ಟ್ ಮಾಡಿದೆವು, ಅಂದರೆ ಗಾಜಿನ ಹಿಂಬದಿ ಮಾತ್ರ ಮೇಲೆದ್ದು ನಿಂತಿತು. ಅದೇ ಗುಂಡಿ, ಅದೇ ವೇಗ. ಕಿರ್ರ್ ಹೆಚ್ಚುಕಡಿಮೆ ಮಾಯ! ಆದರೆ ಅದರ ಅಡಿಯಲ್ಲಿ ಅಡಗಿದ್ದ ಇನ್ನೊಂದು ಸದ್ದು ಈಗ ಸ್ಪಷ್ಟವಾಯಿತು. ‘ಟಕ ಟಕ ಟಕ’ ಅಂತ ಒಣ ಪ್ಲಾಸ್ಟಿಕ್ಕಿನ ಸದ್ದು. ಗಾಜನ್ನು ಪೂರ್ತಿ ಹಿಂದಕ್ಕೆ ಸರಿಸಿದೆವು. ಆ ಟಕಟಕವೂ ಇಲ್ಲ.

ಅರ್ಧ ತನಿಖೆ ಅಲ್ಲೇ ಮುಗಿದಂತಾಯಿತು. ಕಿರ್ರ್ ಅನ್ನುವುದು ಗಾಜು ಮುಚ್ಚಿದಾಗ ಮಾತ್ರ, ಅಂದರೆ ಸೀಲು. ಟಕಟಕ ಅನ್ನುವುದು ಮುಚ್ಚಿದಾಗಲೂ ಇದೆ, ಟಿಲ್ಟ್ ಮಾಡಿದಾಗಲೂ ಇದೆ, ತೆರೆದಾಗ ಇಲ್ಲ. ಹಳಿಯೋ ಕೇಬಲ್ಲೋ ಸಡಿಲವಾಗಿದ್ದರೆ ತೆರೆದಾಗಲೂ ಬರಬೇಕಿತ್ತು. ಶಿಳ್ಳೆ ಬೇರೆಯೇ ಲೆಕ್ಕ, ಅದು ಗಾಳಿಯದು. ಮೂರು ಸದ್ದಿಗೆ ಮೂರು ಕಾರಣ. ಸರ್ವಿಸ್ ಸೆಂಟರಿನಲ್ಲಿ ಮೂರನ್ನೂ ಸೇರಿಸಿ ‘ಸನ್‌ರೂಫ್ ನಾಯ್ಸ್’ ಅಂತ ಒಂದೇ ಸಾಲು ಬರೆದುಕೊಂಡಿದ್ದರು.

ಕಿರ್ರ್ ಅನ್ನು ಮೊದಲು ಹಿಡಿದೆ. ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಎಡ ಮುಂಭಾಗವನ್ನು ಜ್ಯಾಕಿನಿಂದ ಮೆಲ್ಲಗೆ ಎತ್ತಿದೆ. ಕಾರಿನ ಅಡಿಗೆ ಯಾರೂ ಹೋಗುವುದಿಲ್ಲ, ಸುಮ್ನೆ ಒಂದು ಮೂಲೆ ಎತ್ತುವುದು ಅಷ್ಟೇ. ಒಂದು ಮೂಲೆ ಎತ್ತಿದರೆ ಕಾರಿನ ಮೈ ಚೂರು ತಿರುಚುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಚಾವಣಿಯ ದೊಡ್ಡ ಭಾಗ ಕತ್ತರಿಸಿ ಗಾಜು ಕೂರಿಸಿದ ಗಾಡಿಗಳಲ್ಲಿ ಆ ಜಾಗವನ್ನು ಚೌಕಟ್ಟು ಹಾಕಿ ಬಲಪಡಿಸಿರುತ್ತಾರೆ. ಆದರೂ ತಗಡಿನ ಅಂಚು ಮತ್ತು ಗಾಜಿನ ನಡುವೆ ಕೂದಲೆಳೆಯಷ್ಟು ಸರಿದಾಟ ಇದ್ದೇ ಇರುತ್ತದೆ. ಆ ಸರಿದಾಟವನ್ನು ಸೀಲು ನುಂಗಿಕೊಳ್ಳಬೇಕು. ಗಾಜಿನ ಮೇಲೆ ಅಂಗೈ ಇಟ್ಟಿದ್ದೆ. ಜ್ಯಾಕ್ ಮೇಲೇರುತ್ತಿದ್ದಂತೆ ಕಿರ್ರ್ ಅಂತು, ಅಂಗೈಗೂ ನಡುಕ ತಾಗಿತು. ರಸ್ತೆಯೇ ಬೇಕಾಗಿಲ್ಲ, ನಿಂತಲ್ಲೇ ಸದ್ದು ಬರಿಸಬಹುದು. ಇನ್ನು ಮುಂದೆ ಏನೇ ಮಾಡಿದರೂ ಫಲ ಸಿಕ್ಕಿತಾ ಅಂತ ಅಲ್ಲೇ ನೋಡಬಹುದು.

ಈ ಸದ್ದು ಹುಟ್ಟುವುದು ಪಿಟೀಲಿನ ಕಮಾನು ತಂತಿಯ ಮೇಲೆ ಹಾಯುವ ಹಾಗೆ. ರಬ್ಬರು ತಗಡಿಗೆ ಅಂಟಿಕೊಳ್ಳುತ್ತದೆ, ಎಳೆತ ಜಾಸ್ತಿಯಾದಾಗ ಜಾರುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕಿರ್ರ್ ಅಂತ ಕೇಳಿಸುತ್ತದೆ. ಹೊಸ ಗಾಡಿಯಲ್ಲಿ ಸೀಲಿನ ಮೇಲೆ ಜಾರುವ ಲೇಪ ಇರುತ್ತದೆ. ಬಿಸಿಲು, ಧೂಳು, ಕಾರ್ ವಾಶ್‌ನ ಖಾರದ ಸೋಪು ಎಲ್ಲ ಸೇರಿ ಅದನ್ನು ತಿಂದುಹಾಕುತ್ತವೆ. ನಮ್ಮ ಸೀಲನ್ನು ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅರ್ಧ ಮಲೆನಾಡಿನ ಕೆಂಪು ಮಣ್ಣು, ಇನ್ನರ್ಧ ಬೆಂಗಳೂರಿನ ಮೆಟ್ರೋ ಕಾಮಗಾರಿಯ ಸಿಮೆಂಟು ಇರಬೇಕು.

ಆಗ ನೆಂಟರ ಹುಡುಗನೊಬ್ಬ ಡಬ್ಲ್ಯೂಡಿ-40 ಎಣ್ಣೆ ಸ್ಪ್ರೇ ಡಬ್ಬಿ ಹಿಡಿದು ಬಂದ. ಊರಲ್ಲಿ ಅದು ಸರ್ವರೋಗಕ್ಕೂ ಮದ್ದು. ಬೇಡ ಅಂದೆ. ತುಕ್ಕು ಹಿಡಿದ ಬೋಲ್ಟಿಗೆ ಅದು ಒಳ್ಳೆಯದೇ. ಆದರೆ ಸನ್‌ರೂಫಿನ ಸೀಲು ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರಿನದು. ಬಿಸಿಲು, ಓಝೋನ್, ಮಳೆ ಯಾವುದಕ್ಕೂ ಅದು ಜಗ್ಗುವುದಿಲ್ಲ, ಪೆಟ್ರೋಲಿಯಂ ಎಣ್ಣೆಗೆ ಮಾತ್ರ ಊದಿಕೊಳ್ಳುತ್ತದೆ. ಸಾಮಾನ್ಯ ಡಬ್ಲ್ಯೂಡಿ-40, ಇಂಜಿನ್ ಆಯಿಲ್, ವ್ಯಾಸಲೀನ್, ಎಲ್ಲವೂ ಪೆಟ್ರೋಲಿಯಂ ಮೂಲದವೇ. ಹಾಕಿದ ದಿನ ಸದ್ದು ನಿಲ್ಲುತ್ತದೆ, ಅದೇ ಮೋಸ. ಸೀಲಿಗೆ ಬೇಕಾದದ್ದು ಸಿಲಿಕೋನ್ ಗ್ರೀಸು. ದುಡ್ಡಿದ್ದವರು ಕ್ರೈಟಾಕ್ಸ್ ಥರದ ಫ್ಲೋರಿನ್ ಮೂಲದ ಗ್ರೀಸು ಹಾಕುತ್ತಾರೆ. ಅದು ರಬ್ಬರಿಗೆ ಏನೂ ಮಾಡುವುದಿಲ್ಲ, ಬೇಗ ಒಣಗುವುದೂ ಇಲ್ಲ, ಬೆಲೆ ಮಾತ್ರ ಬೆಚ್ಚಿಬೀಳಿಸುವಂಥದ್ದು. ನಾನು ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಮೊದಲೇ ಒಂದು ಟ್ಯೂಬ್ ಸಿಲಿಕೋನ್ ಗ್ರೀಸ್ ತಂದಿದ್ದೆ.

ಹಚ್ಚುವುದಕ್ಕಿಂತ ತೊಳೆಯುವುದೇ ದೊಡ್ಡ ಕೆಲಸ. ಕೊಳೆಯ ಮೇಲೆ ಗ್ರೀಸು ಹಚ್ಚಿದರೆ ಅದು ಉಪ್ಪುಕಾಗದ ಆಗುತ್ತದೆ. ಬಕೆಟ್ ನೀರಿಗೆ ಚೂರು ಕಾರ್ ಶಾಂಪೂ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಸೀಲಿನ ತುಟಿಯ ಒಳಗೂ ಹೊರಗೂ ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ. ಸೀಲು ತಾಗುವ ತಗಡಿನ ಅಂಚನ್ನೂ, ಹಿಂದಿನ ಗಾಜಿನ ಅಂಚನ್ನೂ ಹಾಗೆಯೇ. ಹೆಚ್ಚಿನವರು ಬರೀ ಸೀಲು ಒರೆಸಿ ಅದು ತಾಗುವ ಜಾಗವನ್ನು ಹಾಗೇ ಬಿಡುತ್ತಾರೆ. ಪೂರ್ತಿ ಒಣಗಿದ ಮೇಲೆ, ಬೆರಳ ತುದಿಗೆ ಬಟಾಣಿ ಕಾಳಿಗಿಂತ ಕಡಿಮೆ ಗ್ರೀಸು ತಗೊಂಡು ಸುತ್ತಲೂ ತೆಳ್ಳಗೆ ಎಳೆದೆ. ಕಪ್ಪು ರಬ್ಬರು ಮಿಂಚಬೇಕು, ಗ್ರೀಸು ಕಣ್ಣಿಗೆ ಕಾಣಬಾರದು. ಜಾಸ್ತಿ ಹಚ್ಚಿದರೆ ಮುಂದಿನ ವಾರದ ಧೂಳಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತೆ. ಸಿಲಿಕೋನ್ ಸ್ಪ್ರೇ ಇದ್ದವರು ಬಟ್ಟೆಗೆ ಹೊಡೆದು ಆಮೇಲೆ ಒರೆಸುವುದು ವಾಸಿ. ಸಿಲಿಕೋನ್ ಹನಿ ಮುಂದಿನ ಗಾಜಿಗೆ ಬಿದ್ದರೆ ವೈಪರ್ ಓಡಿದಾಗ ಮಬ್ಬು ಬಳಿದ ಹಾಗಾಗುತ್ತದೆ. ಬಣ್ಣದ ಕೆಲಸ ಮಾಡುವವರಂತೂ ಸಿಲಿಕೋನ್ ಹೆಸರು ಕೇಳಿದರೇ ಉರಿದುಬೀಳುತ್ತಾರೆ. ಅದು ಬಿದ್ದ ಜಾಗದಲ್ಲಿ ಹೊಸ ಬಣ್ಣ ಕೂರದೆ ಗುಳಿ ಗುಳಿ ಬೀಳುತ್ತದೆ.

ಗಾಜನ್ನು ಕೆಲವು ಸಲ ತೆರೆದು ಮುಚ್ಚಿ, ರಾತ್ರಿ ಹಾಗೇ ಬಿಟ್ಟೆ. ಬೆಳಗ್ಗೆ ಮತ್ತೆ ಜ್ಯಾಕ್. ಎತ್ತಿದೆ, ಇಳಿಸಿದೆ. ಸದ್ದಿಲ್ಲ. ಗುಂಡಿ ರಸ್ತೆಯಲ್ಲೂ ಕಿರ್ರ್ ಇಲ್ಲ.

ಟಕಟಕ ಮಾತ್ರ ಹಬ್ಬ ಮಾಡುತ್ತಿತ್ತು. ಕಿರ್ರ್ ಹೋದ ಮೇಲೆ ಅದೊಂದೇ ಅಲ್ವಾ ಉಳಿದದ್ದು, ಹೆಂಡತಿಗೂ ಕೇಳಿಸತೊಡಗಿತು. ತೋಟಕ್ಕೆ ಔಷಧಿ ಹೊಡೆಯುವ ಪೈಪಿನ ತುಂಡೊಂದು ಕೊಟ್ಟಿಗೆಯಲ್ಲಿತ್ತು. ಅದರ ಒಂದು ತುದಿ ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಚಾವಣಿಯ ಅಂಚಿನುದ್ದಕ್ಕೂ ಸರಿಸುತ್ತಾ ಹೋದೆ. ಡ್ರೈವರ್ ಬೇರೆಯವರೇ ಇರಬೇಕು, ಹೇಳಬೇಕಾಗಿಲ್ಲ. ಬರಿಗಿವಿಗೆ ಸದ್ದು ಸರಿಯಾಗಿ ನಡುವಿನಿಂದ, ದೀಪದ ಸ್ವಿಚ್ಚುಗಳಿರುವ ಕಡೆಯಿಂದ ಬಂದಂತಿತ್ತು. ಪೈಪು ಹೇಳಿದ್ದೇ ಬೇರೆ. ಎಡ ಮುಂದಿನ ಮೂಲೆಯಲ್ಲಿ ಅದು ಕಿವಿಗೆ ಹೊಡೆದಂತೆ ಕೇಳಿಸಿತು.

ಆ ಮೂಲೆಯಲ್ಲಿ ಇರುವುದು ವಿಂಡ್ ಡಿಫ್ಲೆಕ್ಟರಿನ ತೋಳು. ಸನ್‌ರೂಫ್ ತೆರೆದಾಗ ಮುಂದಿನ ಅಂಚಿನಲ್ಲಿ ಬಲೆ ಕಟ್ಟಿದ ಒಂದು ಪಟ್ಟಿ ತಾನೇ ಮೇಲೇಳುತ್ತದಲ್ಲ, ಅದೇ. ಸುಮ್ನೆ ಅಲಂಕಾರಕ್ಕೆ ಇರುವುದಲ್ಲ ಅದು. ತೆರೆದ ಸನ್‌ರೂಫಿನ ಮೇಲೆ ಗಾಳಿ ಹಾಯುವಾಗ ಕಾರಿನೊಳಗಿನ ಗಾಳಿಯೆಲ್ಲ ಒಟ್ಟಿಗೆ ಹಿಗ್ಗಿ ಕುಗ್ಗಿ, ಕಿವಿಗೆ ‘ದಬ ದಬ’ ಅಂತ ಬಡಿಯುತ್ತದೆ. 20 ಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಲದ ಆಸುಪಾಸಿನ ಆ ಬಡಿತವನ್ನು ಒಡೆಯುವುದೇ ಡಿಫ್ಲೆಕ್ಟರ್ ಕೆಲಸ. ಅದು ಸಾಲದಿದ್ದರೆ ಹಿಂದಿನ ಕಿಟಕಿಯನ್ನು ಎರಡು ಬೆರಳು ಇಳಿಸಿದರೆ ನಿಲ್ಲುತ್ತದೆ. ಗಾಜು ಮುಚ್ಚಿದಾಗ ಈ ಪಟ್ಟಿ ಸ್ಪ್ರಿಂಗ್ ಒತ್ತಡದಲ್ಲಿ ಕೆಳಗೆ ಮಡಚಿ ಕೂರುತ್ತದೆ. ಟಿಲ್ಟ್ ಮಾಡಿದರೂ ಕೆಳಗೇ ಇರುತ್ತದೆ. ತೆರೆದಾಗ ಮಾತ್ರ ಮೇಲೇಳುತ್ತದೆ. ಟಕಟಕದ ಲೆಕ್ಕ ಅಲ್ಲಿಗೆ ತಾಳೆಯಾಯಿತು.

ಗಾಜು ತೆರೆದು ತೋಳನ್ನು ನೋಡಿದೆ. ಬಲಗಡೆಯ ತೋಳು ಮಡಚಿ ಕೂರುವ ಜಾಗದಲ್ಲಿ ಸಣ್ಣ ಫೆಲ್ಟ್ ತುಂಡು ಅಂಟಿಸಿದ್ದರು. ಎಡಗಡೆ ಬರೀ ಅಂಟಿನ ಗುರುತು, ತುಂಡು ಇಲ್ಲ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿ ಬಡಿಯುತ್ತಿತ್ತು. ಅರ್ಧ ಲಕ್ಷದ ಕ್ಯಾಸೆಟ್ಟಿನಲ್ಲಿ ಕಾಣೆಯಾದದ್ದು ಉಗುರಿನಷ್ಟು ಬಟ್ಟೆ! ಹಳೆ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ವೈರಿಂಗ್‌ಗೆ ಸುತ್ತುವ ಟೆಸಾ 51608 ಫ್ಲೀಸ್ ಟೇಪಿನ ತುಂಡನ್ನು ಎರಡು ಪದರ ಮಾಡಿ ಅಂಟಿಸಿದೆ. ಈ ಟೇಪು ಸಾಮಾನ್ಯ ಇನ್ಸುಲೇಷನ್ ಟೇಪಿನ ಹಾಗೆ ಬಿಸಿಲಿಗೆ ಕರಗಿ ಅಂಟಂಟಾಗುವುದಿಲ್ಲ. ಬಟ್ಟೆಯ ಹಾಗೆ ಮೆತ್ತಗಿರುತ್ತದೆ, ಸದ್ದು ನುಂಗುತ್ತದೆ. ಬಲಗಡೆಯ ತುಂಡೂ ಸವೆದಿತ್ತು, ಅದರ ಮೇಲೂ ಒಂದು ಪದರ ಹಾಕಿದೆ.

ಎಡತೋಳು ಚೂರು ಬಾಗಿಯೂ ಇತ್ತು. ಹಳೆ ಮಾಲೀಕರ ಮನೆಯ ಮಕ್ಕಳು ಸೀಟಿನ ಮೇಲೆ ನಿಂತು, ಅದನ್ನು ಹಿಡಿದುಕೊಂಡು ತಲೆ ಹೊರಗೆ ಹಾಕುತ್ತಿದ್ದರು ಅಂತ ನನ್ನ ಊಹೆ. ಈ ಚಟ ನಮ್ಮಲ್ಲಿ ವಿಪರೀತವಾಗಿದೆ. ವೀಕೆಂಡಿನಲ್ಲಿ ಯಾವ ಹೆದ್ದಾರಿಗೆ ಹೋದರೂ ಒಂದು ಮಗು ಸನ್‌ರೂಫಿನಿಂದ ಕೈ ಬೀಸುತ್ತಿರುತ್ತದೆ. ಪೊಲೀಸರು ದಂಡ ಹಾಕುತ್ತಾರೆ, ಅದು ಬಿಡಿ. ಒಂದು ಗಟ್ಟಿ ಬ್ರೇಕ್ ಹೊಡೆದರೆ ಆ ಮಗುವಿನ ಹೊಟ್ಟೆ ತಾಗುವುದು ಚಾವಣಿಯ ಅಂಚಿಗೆ. ನನ್ನ ಮಗಳೂ ಕೇಳಿದ್ದಳು. ಆಗಲ್ಲ ಅಂದೆ, ಎರಡು ದಿನ ಮುನಿಸಿಕೊಂಡಿದ್ದಳು.

ಇನ್ನು ಶಿಳ್ಳೆ. ಇದನ್ನು ಅಂಗಳದಲ್ಲಿ ಹಿಡಿಯಲಾಗುವುದಿಲ್ಲ, ವೇಗ ಬೇಕು. ಬೆಂಗಳೂರಿಗೆ ವಾಪಸ್ ಹೊರಟ ದಿನ ಜೊತೆಗೆ ಮಾಸ್ಕಿಂಗ್ ಟೇಪ್ ಇಟ್ಟುಕೊಂಡೆ. ಪೇಂಟರುಗಳು ಬಳಸುವ ಕಾಗದದ ಟೇಪು, ಬಣ್ಣಕ್ಕೆ ಅಂಟು ಹಿಡಿಯುವುದಿಲ್ಲ. ಕಡೂರಿನ ಆಚೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಸನ್‌ರೂಫಿನ ಮುಂದಿನ ಸಂದಿನ ಮೇಲೆ ಪೂರ್ತಿ ಟೇಪ್ ಅಂಟಿಸಿದೆ. ಹೋಟೆಲಿನವರು ಒಡೆದುಹೋಗಿದೆಯಾ ಅಂತ ವಿಚಾರಿಸಿದರು. ಮತ್ತೆ 80ರಲ್ಲಿ ಓಡಿಸಿದೆ, ಶಿಳ್ಳೆ ಇಲ್ಲ. ಅಂದರೆ ಬಾಗಿಲಿನದ್ದಲ್ಲ, ಕನ್ನಡಿಯದ್ದಲ್ಲ, ಮೇಲಿನ ಕಂಬಿಯದ್ದೂ ಅಲ್ಲ. ಆಮೇಲೆ ನಿಲ್ಲಿಸಿ ನಿಲ್ಲಿಸಿ ಒಂದೊಂದು ತುಂಡು ಟೇಪ್ ಕಿತ್ತೆ. ಬಲ ತುದಿ ಕಿತ್ತಾಗ ಏನೂ ಇಲ್ಲ. ನಡುವಿನದು ಕಿತ್ತಾಗಲೂ ಇಲ್ಲ. ಎಡ ಮೂಲೆಯದು ಕಿತ್ತೊಡನೆ ಸುಂಯ್ ಅಂತ ಬಂತು.

ಮನೆಗೆ ಬಂದು ಸ್ಟೀಲ್ ಸ್ಕೇಲನ್ನು ಚಾವಣಿ ಮತ್ತು ಗಾಜಿಗೆ ಅಡ್ಡಲಾಗಿ ಇಟ್ಟು ನೋಡಿದೆ. ಎಡ ಮೂಲೆಯಲ್ಲಿ ಗಾಜು ಚಾವಣಿಗಿಂತ ಎತ್ತರದಲ್ಲಿತ್ತು. ಎಷ್ಟು ಎತ್ತರ? ಅಳೆಯಲು ಎಟಿಎಂ ಕಾರ್ಡು ಸಾಕು. ಅದರ ದಪ್ಪ ಎಲ್ಲ ಕಡೆ 0.76 ಮಿಲಿಮೀಟರ್, ಯಾವ ಬ್ಯಾಂಕಿನದಾದರೂ ಅಷ್ಟೇ. ಸ್ಕೇಲಿನ ಕೆಳಗಿನ ಸಂದಿಯಲ್ಲಿ ಎರಡು ಕಾರ್ಡು ಹೆಚ್ಚುಕಡಿಮೆ ಬಿಗಿಯಾಗಿ ಕೂತವು. ಅಂದರೆ ಒಂದೂವರೆ ಮಿಲಿಮೀಟರ್. ಸಾಮಾನ್ಯ ನಿಯಮ ಏನಂದರೆ ಗಾಜಿನ ಮುಂದಿನ ಅಂಚು ಚಾವಣಿಯ ಮಟ್ಟಕ್ಕೆ ಇರಬೇಕು, ಇಲ್ಲವೇ ಒಂದು ಮಿಲಿಮೀಟರಿನಷ್ಟು ತಗ್ಗಿರಬೇಕು. ಹಿಂದಿನ ಅಂಚು ಮಟ್ಟಕ್ಕೆ ಇರಬೇಕು, ಇಲ್ಲವೇ ಅಷ್ಟೇ ಎತ್ತರ ಇರಬೇಕು. ಗಾಳಿ ಮುಂದಿನಿಂದ ಬರುತ್ತದೆ. ಎರಡೂ ಕಡೆ ಅದಕ್ಕೆ ಇಳಿಯುವ ಮೆಟ್ಟಿಲು ಸಿಗಬೇಕು, ಹತ್ತುವ ಮೆಟ್ಟಿಲು ಸಿಕ್ಕರೆ ಅಲ್ಲಿ ಸುಳಿ ಎದ್ದು ಸದ್ದಾಗುತ್ತದೆ. ನಮ್ಮದು ಮುಂದೆಯೇ ಹತ್ತುವ ಮೆಟ್ಟಿಲು.

ಗಾಜಿನ ಎತ್ತರ ಹೊಂದಿಸಲು ಚಾವಣಿ ಬಟ್ಟೆ ಇಳಿಸಬೇಕಾಗಿಲ್ಲ. ಇಳಿಸುವ ಉಸಾಬರಿಗೆ ನಾನು ಹೋಗುತ್ತಲೂ ಇರಲಿಲ್ಲ. ಚಾವಣಿಯ ಎರಡೂ ಬದಿಯಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ಅದರ ಹತ್ತಿರ ಸ್ಕ್ರೂಡ್ರೈವರ್ ಆಡಿಸುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಒಳಗಿನ ಪರದೆ ಹಿಂದಕ್ಕೆ ಸರಿಸಿ, ಗಾಜು ಮುಚ್ಚಿಟ್ಟು ನೋಡಿದರೆ, ಎರಡೂ ಬದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದನ್ನು ಕ್ಲಿಪ್ಪಿನಿಂದ ಬಿಡಿಸಿದೆ. ಒಳಗೆ ಗಾಜನ್ನು ಹಿಡಿದ ಸ್ಕ್ರೂಗಳು, ಆರು ಮೂಲೆಯ ಟಾರ್ಕ್ಸ್ ತಲೆಯವು. ನಮ್ಮದಕ್ಕೆ ಟಿ25 ಬಿಟ್ ಬೇಕಾಯಿತು. ಎಡ ಮುಂದಿನ ಸ್ಕ್ರೂವಿನ ತಲೆಯಲ್ಲಿ ಯಾರೋ ಹಿಂದೆ ಕೈ ಆಡಿಸಿದ ಗೀರುಗಳಿದ್ದವು. ಯಾವಾಗಲೋ ಗಾಜು ತೆಗೆದು ಹಾಕಿದ್ದಾರೆ, ಮಟ್ಟ ನೋಡಿಲ್ಲ.

ಸ್ಕ್ರೂವನ್ನು ಅರ್ಧ ಸುತ್ತು ಮಾತ್ರ ಸಡಿಲ ಮಾಡಬೇಕು, ಪೂರ್ತಿ ಬಿಚ್ಚಬಾರದು. ನಾನು ಹೊರಗೆ ಏಣಿ ಮೇಲೆ ನಿಂತು, ಮೂಲೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದೆ. ಹೆಂಡತಿ ಒಳಗಿನಿಂದ ಬಿಗಿ ಮಾಡಿದಳು. ಸ್ಕೇಲ್ ಇಟ್ಟು ನೋಡಿದರೆ ಈಗ ಜಾಸ್ತಿ ತಗ್ಗಿತ್ತು. ಮತ್ತೆ ಸಡಿಲ, ಮತ್ತೆ ಒತ್ತು. ‘ಇನ್ನೂ ಎಷ್ಟು ಹೊತ್ತು’ ಅನ್ನುವ ಮಾತು ಒಳಗಿನಿಂದ ಬರುತ್ತಿತ್ತು. ಗಾಜನ್ನು ತೆರೆದು ಮುಚ್ಚಿ ಮತ್ತೆ ಅಳೆಯುವುದು ಮುಖ್ಯ, ಯಾಕೆಂದರೆ ಸಾಗಿ ಬಂದು ಕೂತಾಗ ಮಟ್ಟ ಚೂರು ಬದಲಾಗುತ್ತದೆ. ಕೊನೆಗೆ ಮುಂದಿನ ಅಂಚು ಅರ್ಧ ಕಾರ್ಡಿನಷ್ಟು ತಗ್ಗಿ ನಿಂತಿತು. ಆಗ ಸ್ಕ್ರೂ ಬಿಗಿ ಮಾಡಿದೆವು. ಇವು ಸಣ್ಣ ಸ್ಕ್ರೂಗಳು, ಚಕ್ರದ ನಟ್ಟಿನ ಹಾಗೆ ಬಲ ಹಾಕಿದರೆ ಎಳೆ ಕಿತ್ತುಹೋಗುತ್ತದೆ.

ಸೀಲು ಎಲ್ಲ ಕಡೆ ಸರಿಯಾಗಿ ಒತ್ತಿದೆಯಾ ಅಂತ ನೋಡಲು ಹತ್ತು ರೂಪಾಯಿ ನೋಟು ಸಾಕು. ಅಂಚಿನಲ್ಲಿ ನೋಟು ಇಟ್ಟು ಗಾಜು ಮುಚ್ಚಿ, ಎಳೆದು ನೋಡುವುದು. ಎಲ್ಲ ಕಡೆ ಒಂದೇ ಥರದ ಹಿಡಿತ ಇರಬೇಕು. ಜಾರಿ ಬಂದರೆ ಅಲ್ಲಿ ಸಂದು ಇದೆ, ಹರಿದರೆ ಬಿಗಿ ಜಾಸ್ತಿ. ನಮ್ಮ ನೋಟು ಹರಿಯಲಿಲ್ಲ.

ಇಷ್ಟೆಲ್ಲ ಬಿಚ್ಚಿದ ಮೇಲೆ ನೀರಿನ ದಾರಿ ನೋಡದೆ ಬಿಡುವುದು ಹೇಗೆ? ಗಾಜು ತೆರೆದು ಕಾಲುವೆಯ ಮೂಲೆಗೆ ಚೊಂಬಿನಿಂದ ನಿಧಾನವಾಗಿ ನೀರು ಹಾಕಿದೆ. ಮುಂದಿನ ಎರಡರ ನೀರು ಮುಂದಿನ ಚಕ್ರದ ಹತ್ತಿರ ಬೀಳಬೇಕು, ಹಿಂದಿನವು ಹಿಂದಿನ ಬಂಪರಿನ ಬಳಿ. ಮೂರು ಸರಿಯಾಗಿ ಹರಿದವು. ಬಲ ಮುಂದಿನದು ತೊಟ್ಟಿಕ್ಕಿತು. ಬೇಸ್‌ಮೆಂಟ್ ಬಿಟ್ಟು ಆಗಾಗ ಗಾಡಿ ನಿಲ್ಲಿಸುವ ಬೀದಿಯಲ್ಲಿ ಹೊಂಗೆ ಮರ ಇದೆ. ಬೇಸಿಗೆಯಲ್ಲಿ ಅದರ ಸಣ್ಣ ಹೂವು ಅಕ್ಕಿ ಚೆಲ್ಲಿದಂತೆ ಕಾರಿನ ಮೇಲೆ ಬಿದ್ದಿರುತ್ತದೆ, ಗಾಜು ತೆರೆದಾಗ ಕಾಲುವೆಗೆ ಇಳಿಯುತ್ತದೆ. ಏರ್ ಕಂಪ್ರೆಸರ್ ಹಿಡಿದು ಊದುವುದು ಅಪಾಯ. ಕೊಳವೆ ಒಳಗೇ ಎಲ್ಲೋ ಕಳಚಿಕೊಂಡರೆ ನೀರು ಕಂಬದಿಂದ ಕಾರ್ಪೆಟ್ಟಿಗೆ ಹೋಗುತ್ತದೆ. ಊರಿನಿಂದ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತಂದಿದ್ದೆ. ಅಡಿಕೆ ತೋಟ ಇರುವ ಮನೆಗಳಲ್ಲಿ ಅದಕ್ಕೆ ಬರ ಇಲ್ಲ. ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೆಲ್ಲಗೆ ಒಳಗೆ ಬಿಟ್ಟೆ. ಕೆಳಗಿನಿಂದ ಕಂದು ಬಣ್ಣದ ಕೆಸರು ಬಂತು, ಆಮೇಲೆ ನೀರು ಸರಾಗವಾಗಿ ಇಳಿಯಿತು.

ಗ್ರೀಸು, ಟೇಪುಗಳು, ಬಿಟ್ ಎಲ್ಲಾ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು. ಟ್ಯೂಬಿನಲ್ಲಿ ಇನ್ನೂ ಮುಕ್ಕಾಲು ಗ್ರೀಸು ಉಳಿದಿದೆ. ಮಳೆಗಾಲದ ಮೊದಲು ಒಮ್ಮೆ, ದೀಪಾವಳಿ ಆಸುಪಾಸು ಒಮ್ಮೆ ಸೀಲು ತೊಳೆದು ಹಚ್ಚುತ್ತೇನೆ. ಶಿಳ್ಳೆ ಹೋಗಿದೆ. 100ರಲ್ಲಿ ಹೋದರೆ ಗಾಳಿಯ ಸಾಮಾನ್ಯ ಭೋರಿಡುವ ಸದ್ದು ಇದ್ದೇ ಇದೆ, ಅದು ಎಲ್ಲ ಗಾಡಿಯಲ್ಲೂ ಇರುತ್ತದೆ.

ಉಳಿದಿರುವುದು ಒಂದು. ಊರಿನಲ್ಲಿ ಚಳಿಗಾಲದ ಬೆಳಗ್ಗೆ ಗಾಡಿ ತೆಗೆದಾಗ, ಹಿಂದಿನ ಗಾಜಿನ ಕಡೆಯಿಂದ ಒಂದೆರಡು ಸಲ ಸಣ್ಣಗೆ ‘ಟಿಕ್’ ಅನ್ನುತ್ತದೆ. ಬಿಸಿಲೇರಿದ ಮೇಲೆ ಇಲ್ಲ. ಆ ಗಾಜನ್ನು ಗಮ್ ಹಾಕಿ ಕೂರಿಸಿದ್ದಾರೆ, ಹೊಂದಿಸಲು ಸ್ಕ್ರೂ ಇಲ್ಲ. ಅದನ್ನು ಬಿಡಿಸಬೇಕಾದರೆ ಗಾಜಿನ ಕೆಲಸದವರೇ ಬಂದು ಅಂಟನ್ನು ಕತ್ತರಿಸಬೇಕು. ನೀರು ಬರುತ್ತಿಲ್ಲ, ಸದ್ದು ಜಾಸ್ತಿಯೂ ಆಗುತ್ತಿಲ್ಲ. ಸದ್ಯಕ್ಕೆ ಅದನ್ನು ಮುಟ್ಟಿಲ್ಲ.